ನೀಲವ್ವನ ಮಗ್ಗದ ಕುಣಿ

ಪತ್ರಿಕೆಯ ಕೆಲಸದಲ್ಲಿ ನಾನು ಮೊದಲು ಕಲಿತದ್ದು ಇಷ್ಟೇ: ಕಂಡದ್ದನ್ನು ಕಂಡೆ ಎನ್ನಬೇಕು, ಕೇಳಿದ್ದನ್ನು ಕೇಳಿದೆ ಎನ್ನಬೇಕು, ಎರಡನ್ನೂ ಕಲಸಬಾರದು. ಇದನ್ನೂ ಹಾಗೆಯೇ ಬರೆಯುತ್ತೇನೆ. ಈ ಸಂಗತಿ ಪತ್ರಿಕೆಯಲ್ಲಿ ಬರಲಿಲ್ಲ, ನಾನು ಕಳಿಸಲೂ ಇಲ್ಲ. ಆದರೆ ನಡೆದದ್ದು ಖರೆ. ಆ ರಾತ್ರಿ ನನ್ನ ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರು. ಅವರೂ ಕೇಳಿದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹುನಗುಂದದಲ್ಲಿದ್ದು ಸುತ್ತಲಿನ ಊರುಗಳ ಸುದ್ದಿ ಕಳಿಸುತ್ತಿದ್ದೆ. ಇಳಕಲ್ಲಿನ ಹೊರಗೆ ಕೆಂಪು ಕಲ್ಲಿನ ಗಣಿಗಳು ಹೆಚ್ಚುತ್ತಿದ್ದವು. ಗುಡ್ಡ ಒಡೆದಂತೆಲ್ಲ ಹಾವುಗಳು ಊರೊಳಗೆ ಬಂದವು, ಅದರಲ್ಲೂ ನೇಕಾರರ ಓಣಿಗೆ. ನೂಲಿಗೆ ಹಚ್ಚುವ ಗಂಜಿಯ ಆಸೆಗೆ ಇಲಿ, ಇಲಿಯ ಆಸೆಗೆ ಹಾವು. ಅಲ್ಲಿಯ ಮಗ್ಗಗಳ ಕೆಳಗೆ ಕುಣಿ, ಅಂದರೆ ಕಾಲು ಇಳಿಬಿಡುವಷ್ಟು ತಗ್ಗು, ಇರುತ್ತದೆ. ನೇಯುವವರು ನೆಲದ ಮೇಲೆ ಕೂತು, ಕಾಲನ್ನು ಕುಣಿಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ತಂಪು, ಕತ್ತಲೆ, ಸದಾ ಒಂದಿಷ್ಟು ಪಸೆ... ಹಾವಿಗೆ ಇನ್ನೇನು ಬೇಕು?

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಈರಣ್ಣ ಮಾಸ್ತರರು ಸಾಲಿ ಬಿಟ್ಟ ಮೇಲೆ ಆ ಓಣಿಯಲ್ಲಿ ಮನೆಮನೆ ತಿರುಗುತ್ತಿದ್ದರು. ಹಾವನ್ನು ಕೊಲ್ಲಬೇಡಿ, ಕುಣಿಗೆ ಕಾಲು ಇಳಿಸುವ ಮೊದಲು ಅಂಚಿಗೆ ಬಡಿಗೆಯಿಂದ ಮೂರು ಸಲ ಬಡಿಯಿರಿ, ನೆಲ ಅದುರಿದರೆ ಅದು ತಾನೇ ಸರಿದು ಹೋಗುತ್ತದೆ, ಆಮೇಲೆ ಬೆಳಕು ಹಿಡಿದು ನೋಡಿ ಕೂಡಿರಿ ಎಂದು ಹೇಳುತ್ತಿದ್ದರು.

ಅವರ ಹಳೆಯ ವಿದ್ಯಾರ್ಥಿ ಕಲ್ಲಪ್ಪ ಕಟ್ಟೆಯ ಮೇಲಿಂದ ಕೆಣಕುತ್ತಿದ್ದ. "ಮಾಸ್ತರ್ರ, ಹಾವಿಗೂ ಹಾಜರಿ ಹಾಕ್ತೀರೇನ್ರಿ?"

"ಹಾಕ್ತೇನಿ ಲೇ. ನಿನ್ನಂಗ ಅಲ್ಲ, ಅವು ದಿನಾ ತಪ್ಪದ ಬರ್ತಾವ."

ನಗುತ್ತ ನಗುತ್ತ ಓಣಿ ಆ ಪದ್ಧತಿ ಹಿಡಿಯಿತು. ನಸುಕಿನಲ್ಲಿ ಹೋದರೆ ಮನೆಮನೆಯಿಂದ ಬಡಿತ ಕೇಳುತ್ತಿತ್ತು. ಎಲ್ಲರಿಗಿಂತ ನಿಷ್ಠೆಯಿಂದ ಬಡಿಯುತ್ತಿದ್ದವನು ಸಂಗಪ್ಪ. ಅವನ ಬಡಿತಕ್ಕೆ ಒಂದು ಗುರುತಿತ್ತು. ಟಕ್ ಟಕ್... ತುಸು ತಡೆದು, ಟಕ್.

ಅದೇ ಸಂಗಪ್ಪ ಒಂದು ಸಂಜೆ ಒಲೆಗೆಂದು ಹಿತ್ತಲಿನ ಸಗಣಿ ಕುಳ್ಳಿನ ರಾಶಿಯೊಳಗೆ ಕೈ ಹಾಕಿದ. ಕುಣಿ ನೋಡಿ ಕೂಡುತ್ತಿದ್ದವನು ಕುಳ್ಳು ನೋಡಲಿಲ್ಲ. ಒಳಗಿದ್ದ ಹಾವು ಕಡಿಯಿತು. ದವಾಖಾನಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಹೆಂಡತಿ ನೀಲವ್ವ ಒಬ್ಬಳೇ ಉಳಿದಳು. ಕೆಲವು ವಾರಗಳ ನಂತರ ಅವಳೇ ಮಗ್ಗಕ್ಕೆ ಕೂತಳು.

ಆಮೇಲೆ ಕಲ್ಲಪ್ಪ ಮಾಸ್ತರರ ಮನೆಗೆ ಬಂದ. ಅಂದು ಅವನ ಮುಖದಲ್ಲಿ ನಗು ಇರಲಿಲ್ಲ. ನಾನೂ ಅಲ್ಲಿದ್ದೆ.

"ನೀಲವ್ವಕ್ಕನ ಮನ್ಯಾಗ ಬಡಿಯೋದು ಕೇಳಸ್ತೈತ್ರಿ. ಸಂಗಪ್ಪಣ್ಣ ಬಡಿದಂಗಽ."

"ಆಕಿನಽ ಬಡೀತಿರಬೇಕಲೇ."

"ಆಕಿ ಬಡಿಯೂದಽ ಇಲ್ರಿ. ನಾ ಖಿಡಕ್ಯಾಗಿಂದ ನೋಡೇನಿ."

ಆ ರಾತ್ರಿ ಊಟದ ಹೊತ್ತು ಮುಗಿದ ಮೇಲೆ ಮಾಸ್ತರರೂ ನಾನೂ ಅವಳ ಮನೆಗೆ ಹೋದೆವು. ಕರೆಂಟ್ ಇರಲಿಲ್ಲ. ಮಗ್ಗದ ಮೇಲೆ ಕಂದೀಲು ತೂಗುತ್ತಿತ್ತು. ಗಂಜಿಯ ಹುಳಿ ವಾಸನೆ, ಸೀಮೆಎಣ್ಣೆಯ ವಾಸನೆ. ಅದರಡಿಗೆ ಇನ್ನೊಂದು, ಹಸಿ ಬಟಾಟಿಯಂಥದು. ಮಾಸ್ತರರು ನನ್ನ ಮುಖ ನೋಡಿದರು. ಹಾವಿದ್ದಲ್ಲಿ ಆ ವಾಸನೆ ಬರುತ್ತದೆ ಎಂದು ಓಣಿಯವರು ಹೇಳುತ್ತಿದ್ದರು. ಮಾಸ್ತರರು ಅದನ್ನು ಎಂದೂ ನಂಬಿರಲಿಲ್ಲ.

ಬಾಗಿಲ ಹತ್ತಿರ ಕೂತೆವು. ಸಂಗಪ್ಪನ ಬಡಿಗೆ ಗೋಡೆಯ ಮೊಳೆಗೆ ತೂಗುಹಾಕಿದ್ದರು. ನನ್ನ ಕಣ್ಣು ಅದರ ಮೇಲೆಯೇ ಇತ್ತು. ನೀಲವ್ವ ಅಡಿಗೆಮನೆಯ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕುಣಿಯ ಅಂಚಿಗೆ ಬಂದು ನಿಂತಳು. ಸುಮ್ಮನೆ ನಿಂತಳು.

ಟಕ್ ಟಕ್...

ಟಕ್.

ಬಡಿಗೆ ಮೊಳೆಯ ಮೇಲೆಯೇ ಇತ್ತು. ಅಲುಗಲಿಲ್ಲ. ಸದ್ದು ಬಂದದ್ದು ಕೆಳಗಿನಿಂದ.

ನೀಲವ್ವ ಕೂತು ಎರಡೂ ಕಾಲು ಇಳಿಬಿಟ್ಟಳು.

"ತಡೀಯವ್ವಾ!" ಮಾಸ್ತರರು ಬ್ಯಾಟರಿ ಹಿಡಿದು ಹಾರಿದರು. ನಾನೂ ಹೋಗಿ ಬಗ್ಗಿ ನೋಡಿದೆ.

ಅವಳ ಎರಡು ಪಾದಗಳ ನಡುವೆ, ಹಲಗೆಯ ಮೇಲೆ, ನಾಗರಹಾವು ಸುರುಳಿ ಸುತ್ತಿ ಮಲಗಿತ್ತು. ಹೆಡೆ ಎತ್ತಿರಲಿಲ್ಲ. ಅವಳ ಹಿಮ್ಮಡಿ ಅದರ ಮೈಗೆ ತಾಗಿತ್ತು.

"ಅಲುಗಬ್ಯಾಡವ್ವಾ... ಉಸರ ಹಿಡಿ..."

"ಗೊತ್ತೈತ್ರಿ ಮಾಸ್ತರ. ದಿನಾ ಇರ್ತೈತಿ."

ಎಷ್ಟು ಹೊತ್ತು ಹಾಗಿದ್ದೆವೋ ಹೇಳಲಾರೆ. ಹಾವು ಮೆಲ್ಲಗೆ ಬಿಚ್ಚಿಕೊಂಡು, ಕುಣಿಯ ಗೋಡೆಯಲ್ಲಿದ್ದ ಇಲಿಬಿಲಕ್ಕೆ ನುಗ್ಗಿತು. ಬಾಲದ ತುದಿ ಕೂಡ ಒಳಗೆ ಹೋದದ್ದನ್ನು ನಾನು ಕಂಡೆ.

ಮಾಸ್ತರರು ಬ್ಯಾಟರಿಯನ್ನು ಅವಳ ಮುಖದ ಕಡೆ ತಿರುಗಿಸಿದರು. "ಹುಚ್ಚೇನವ್ವಾ ನಿನಗ? ಸಂಗಪ್ಪನಽ ಬಡೀತಾನ ಅಂತಿಟ್ಟುಕೋ. ಬಡದರ ಅದು ಹೋಗಬೇಕಲ್ಲ? ಹೋಗಿಲ್ಲಲ್ಲ!"

ನೀಲವ್ವ ಲಾಳಿ ಕೈಗೆ ತೆಗೆದುಕೊಂಡಳು. ಮೆಲ್ಲಗೆ, ನಮಗೆ ತಿಳಿಯಲಿಲ್ಲವಲ್ಲ ಎಂಬಂತೆ ಹೇಳಿದಳು.

"ಅವರು ಬಡಿಯೋದು ಅದಕ್ಕ ಹೋಗಂತ ಅಲ್ರಿ. ನನಗ ಬಾ ಅಂತ."

ಮರುದಿನ ಬೆಳಗ್ಗೆ ಮಾಸ್ತರರು ಕಲ್ಲಪ್ಪನನ್ನು ಕರೆದು ಆ ಬಿಲ ಅಗೆಸಿದರು. ಒಂದು ಗೇಣು ಅಗೆಯುವಷ್ಟರಲ್ಲಿ ಹಾರೆಗೆ ಬಂಡೆ ತಾಗಿತು. ಸುತ್ತಲೂ ಗಟ್ಟಿ. ಬಿರುಕಿಲ್ಲ, ಇನ್ನೊಂದು ದಾರಿಯಿಲ್ಲ. ಒಂದು ಇಲಿ ಮುದುಡಿ ಕೂಡುವಷ್ಟು ಜಾಗ, ಅಷ್ಟೇ. ಹಾವು ಇರಲಿಲ್ಲ. ರಾತ್ರಿ ನೀಲವ್ವನನ್ನು ಎಬ್ಬಿಸಿ, ಕುಣಿಯ ಮೇಲೆ ಹಲಗೆ ಮುಚ್ಚಿ, ಬೆಳಗಿನವರೆಗೆ ಅದರ ಮೇಲೆಯೇ ನಾವು ಕೂತಿದ್ದೆವು.

ಮಾಸ್ತರರು ಅವಳ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡರು. ಬಾದಾಮಿಯಲ್ಲಿ ಅವಳ ಅಕ್ಕ ಇದ್ದಳು. ಅಲ್ಲಿಗೆ ಹೋಗು, ಮಗ್ಗ ನಾನು ಮಾರಿಸಿ ಕೊಡುತ್ತೇನೆ ಎಂದರು.

"ಹೋಗ್ತೇನ್ರಿ. ಹಚ್ಚಿದ ಸೀರಿ ಮುಗೀಲಿ."

ಸೀರೆ ಮುಗಿಯಿತು. ಕೆಂಪು ಸೆರಗಿನ ಕೊನೆಯ ಎಳೆಯವರೆಗೂ ನೇಯ್ದಿದ್ದಳು. ನಾನು ಹೋದಾಗ ಅವಳು ಕೂತಲ್ಲೇ ಮಗ್ಗಕ್ಕೆ ಒರಗಿದ್ದಳು, ಮೈ ತಣ್ಣಗಾಗಿತ್ತು, ಕಾಲು ಇನ್ನೂ ಕುಣಿಯಲ್ಲಿದ್ದವು. ಬಡಿಗೆ ಮೊಳೆಯ ಮೇಲೆ ಇತ್ತು. ಆ ರಾತ್ರಿ ಬಡಿತ ಕೇಳಿಸಿತ್ತೇ ಎಂದು ಕಲ್ಲಪ್ಪನನ್ನು ಕೇಳಿದೆ. ಅವನು ಮೊಳೆಯ ಮೇಲಿನ ಬಡಿಗೆಯನ್ನು ಒಮ್ಮೆ ನೋಡಿ ಹೊರಗೆ ಹೋದ.

ಕುಣಿಗೆ ಕಲ್ಲು ತುಂಬಿ ಮೇಲೆ ಕೆಂಪು ಬಂಡೆ ಹಾಸಿದರು. ಆ ಮನೆಗೆ ಯಾರೂ ಬಾಡಿಗೆಗೆ ಬರಲಿಲ್ಲ. ಓಣಿಯಲ್ಲಿ ನಸುಕಿನ ಬಡಿತ ನಿಂತುಹೋಯಿತು. ಬಡಿದರೆ ಯಾವುದು ಹೋಗುತ್ತದೋ ಯಾವುದು ಬರುತ್ತದೋ ಎಂದು ಮಂದಿ ಹೆದರಿದರು. ಕಂಡ ಹಾವನ್ನೆಲ್ಲ ಕೊಲ್ಲತೊಡಗಿದರು, ಕೇರೆಯನ್ನೂ ಬಿಡಲಿಲ್ಲ. ಇಲಿ ಹೆಚ್ಚಿದವು, ಇಲಿಯ ಬೆನ್ನಿಗೆ ಮತ್ತೆ ಹಾವು. ಆ ಮಳೆಗಾಲದಲ್ಲಿ ಇನ್ನೂ ಜನ ಸತ್ತರು. ಅದನ್ನು ನಾನು ಸುದ್ದಿ ಮಾಡಿ ಕಳಿಸಿದೆ. ಮಾಸ್ತರರು ಸಾಲಿಯಿಂದ ನೇರ ಮನೆಗೆ ಹೋಗುತ್ತಿದ್ದರು. ಎದುರು ಸಿಕ್ಕರೆ ಮಳೆಯ ಮಾತಾಡುತ್ತಿದ್ದರು.

ಬೂಟು ಹಾಕುವ ಮೊದಲು ಅದನ್ನು ನೆಲಕ್ಕೆ ಬಡಿಯುವ ರೂಢಿ ನನಗೆ ಅವರಿಂದಲೇ ಬಂದದ್ದು. ಈಗಲೂ ಬಡಿಯುತ್ತೇನೆ. ಆದರೆ ಎರಡೇ ಸಲ. ಎರಡಾದ ಕೂಡಲೇ ಜೋರಾಗಿ ಕೆಮ್ಮುತ್ತೇನೆ, ಇಲ್ಲವೇ ಮನೆಯವರನ್ನು ಕೂಗುತ್ತೇನೆ.

ಸುಮ್ಮನಿದ್ದರೆ... ಮೂರನೆಯದು ಕೇಳಿಸೀತು.