ಪ್ರಶ್ನೆಪತ್ರಿಕೆಯ ಪೆಟ್ಟಿಗೆಯೊಂದಿಗೆ ದೇವರಾಜ ಮೊಹಲ್ಲಾಕ್ಕೆ

ಹತ್ತನೇ ತರಗತಿ ಪರೀಕ್ಷೆಯ ಮೊದಲ ದಿನ, ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಕುವೆಂಪುನಗರದಲ್ಲಿ ಸಿಟಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ. ಕೂರಲು ಜಾಗವೂ ಇರಲಿಲ್ಲ. ಶಿಕ್ಷಕಿಯಾಗಿ ಇಷ್ಟು ವರ್ಷ ಪರೀಕ್ಷಾ ಕೊಠಡಿ ಕಾಯುತ್ತಿದ್ದ ನನಗೆ ಈ ಸಲ ಮಾರ್ಗಾಧಿಕಾರಿಯ ಕೆಲಸ ಬಿದ್ದಿತ್ತು. ಖಜಾನೆಯಿಂದ ಪ್ರಶ್ನೆಪತ್ರಿಕೆಯ ಪೆಟ್ಟಿಗೆಗಳನ್ನು ಪಡೆದು ಮೂರು ಶಾಲೆಗಳಿಗೆ ಒಯ್ಯಬೇಕು. ಆಯಾ ಶಾಲೆಯ ಮುಖ್ಯ ಅಧೀಕ್ಷಕರ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ನಡುವೆ ಬೇರೆ ಯಾರ ಕೈಗೂ ಕೊಡುವಂತಿಲ್ಲ.

ಖಜಾನೆಯ ಮುಂದೆ ಬಾಡಿಗೆ ವ್ಯಾನು ಸಿದ್ಧವಾಗಿತ್ತು. ಡ್ರೈವರ್ ಮಾದೇಶ, ಕಾವಲಿಗೆ ಪೊಲೀಸ್ ಪೇದೆ ಶಿವಣ್ಣ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಜಯಲಕ್ಷ್ಮಿಪುರಂನಲ್ಲಿ ಅಧೀಕ್ಷಕರು ಗೇಟಿನಲ್ಲೇ ನಿಂತಿದ್ದರು. ಸೀಲು ನೋಡಿ, ಸಹಿ ಹಾಕಿ, ಕಾಫಿಗೆ ಕರೆದರು. ಬೇಡವೆಂದು ಹೊರಟೆವು. ಎರಡನೆಯದು ಕುವೆಂಪುನಗರ. ವ್ಯಾನು ನಮ್ಮ ಬೀದಿಯ ಪಕ್ಕದಲ್ಲೇ ಹೋದಾಗ, ಅರ್ಧಕ್ಕೇ ಬಿಟ್ಟು ಬಂದ ಉಪ್ಪಿಟ್ಟಿನ ಮಾತು ತೆಗೆದೆ.

“ಉಪ್ಪಿಟ್ಟು ಮುಗಿಸ್ಬುಟ್ಟು ಬರ್ತೀರಾ ಮೇಡಂ?” ಎಂದು ಮಾದೇಶ ಚೇಷ್ಟೆ ಮಾಡಿದ.

“ರಸ್ತೆ ನೋಡ್ಕೊಂಡು ಓಡ್ಸಪ್ಪ,” ಎಂದೆ.

ಕೊನೆಯದು ದೇವರಾಜ ಮೊಹಲ್ಲಾದ ಹಳೆಯ ಖಾಸಗಿ ಶಾಲೆ. ಮಾರುಕಟ್ಟೆಯ ತಿರುವಿಗೆ ಬಂದರೆ ಬಾಳೆಗೊನೆಯ ಲಾರಿಯೊಂದು ರಸ್ತೆಗೆ ಅಡ್ಡ ನಿಂತಿದೆ. ವ್ಯಾನು ಅಲ್ಲಾಡುವಂತಿರಲಿಲ್ಲ. ಆಗ ಇಸ್ತ್ರಿಯ ಬಿಳಿ ಅಂಗಿಯವರೊಬ್ಬರು ನಮ್ಮ ಕಿಟಕಿಯ ಪಕ್ಕಕ್ಕೇ ಸ್ಕೂಟರ್ ತಂದು ನಿಲ್ಲಿಸಿದರು. ಶಾಲೆಯ ಆಡಳಿತ ಮಂಡಳಿಯ ರಾಜಣ್ಣ ಎಂದು ಹೇಳಿಕೊಂಡರು.

“ಪೆಟ್ಟಿಗೆ ಇಲ್ಲೇ ಕೊಡಿ ಮೇಡಂ. ಪ್ರತಿ ವರ್ಷ ಇದೇ ತಿರುವಲ್ಲಿ ನಾನೇ ಇಸ್ಕೊಳ್ಳೋದು.”

“ಅಧೀಕ್ಷಕರ ಕೈಗೆ ಕೊಡ್ಬೇಕು ಸಾರ್.”

“ಶಾಲೆ ನಮ್ದೇ ಕಣ್ರೀ. ನಂಬಿಕೆ ಇಲ್ವಾ?”

“ನಿಮ್ಮನ್ನ ನಂಬೋ ಅಧಿಕಾರ ನನಗೆ ಕೊಟ್ಟಿಲ್ಲ.”

ಅವರ ಮುಖ ಕೆಂಪಾಯಿತು. “ಮಕ್ಕಳಿಗೆ ಲೇಟಾದ್ರೆ ನಿಮಗೇ ನೋಟಿಸ್ ಬರೋದು. ಮೇಲಿನ ಆಫೀಸಿಗೆ ಫೋನ್ ಮಾಡಿಸ್ಲಾ?”

“ಮಾಡ್ಸಿ. ಅಷ್ಟೊತ್ತಿಗೆ ನಾನು ಶಾಲೇಲಿ ಇರ್ತೀನಿ.”

ಬಾಯಲ್ಲಿ ಹೇಳಿಬಿಟ್ಟೆ, ಆದರೆ ಲಾರಿ ಅಲ್ಲಾಡಿರಲಿಲ್ಲ. ತಡವಾದರೆ ಗಂಟೆ ಹೊಡೆದರೂ ಮಕ್ಕಳು ಬರಿಗೈಯಲ್ಲಿ ಕೂರಬೇಕು. ಕೊಟ್ಟುಬಿಟ್ಟರೆ, ಸ್ಕೂಟರು ಶಾಲೆ ಸೇರುವುದರೊಳಗೆ ಏನಾಯಿತೆಂದು ನಾನು ಯಾರಿಗೆ ಉತ್ತರ ಹೇಳಲಿ? ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಸಾಕು, ವರ್ಷವಿಡೀ ಓದಿದ ಊರ ಮಕ್ಕಳ ಶ್ರಮವೆಲ್ಲ ನೀರುಪಾಲು. ನಡೆದೇ ಹೋಗೋಣವೆಂದು ಪೆಟ್ಟಿಗೆಯ ಒಂದು ಹಿಡಿ ನಾನು ಹಿಡಿದೆ, ಇನ್ನೊಂದನ್ನು ಶಿವಣ್ಣ. ಖಾಲಿ ವ್ಯಾನಿನ ಜೊತೆ ಮಾದೇಶ ಉಳಿದ.

ಹೂವಿನ ಸಾಲಿನಲ್ಲಿ ಕಾಲಿಡಲೂ ಜಾಗವಿಲ್ಲ. ನೆಲವೆಲ್ಲ ನೀರು, ಚಪ್ಪಲಿ ಜಾರಿ ಎರಡು ಸಲ ಮುಗ್ಗರಿಸಿದೆ. ಸೇವಂತಿಗೆ ಮಾರುವ ಹೆಂಗಸೊಬ್ಬಳು ನಕ್ಕಳು.

“ಏನ್ ಮೇಡಮ್ನೋರೆ, ಪೆಟ್ಟಿಗೆ ಎತ್ಕೊಂಡು ಪೊಲೀಸ್ನೋರ ಜೊತೆ ತವರಿಗೆ ಹೊಂಟ್ರಾ?”

“ಮಕ್ಕಳ ಪರೀಕ್ಷೆ ಕಣಮ್ಮ, ದಾರಿ ಬಿಡು.”

ಅವಳು ತಟ್ಟನೆ ಎದ್ದು ಕೂಗಿದಳು: “ಏಯ್, ಬುಟ್ಟಿ ಎಳ್ಕಳ್ರೋ! ಪರೀಕ್ಸೆ ಪೇಪರ್ರು!” ಸಾಲಿನುದ್ದಕ್ಕೂ ಬುಟ್ಟಿಗಳು ಸರಿದವು. ಹಿಂದಿನಿಂದ ರಾಜಣ್ಣನವರ ಸ್ಕೂಟರಿನ ಹಾರ್ನು ಕೇಳುತ್ತಲೇ ಇತ್ತು. ಅದಕ್ಕೆ ಯಾರೂ ಬುಟ್ಟಿ ಸರಿಸಲಿಲ್ಲ.

ಶಾಲೆಯ ಬಾಗಿಲಲ್ಲಿ ಮುಖ್ಯ ಅಧೀಕ್ಷಕಿ ಚಡಪಡಿಸುತ್ತಾ ನಿಂತಿದ್ದರು. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ಸೀಲು ನೋಡಿ ಸಹಿ ಹಾಕಿದರು. “ಪ್ರತಿ ಸಲ ಪೆಟ್ಟಿಗೆ ರಾಜಣ್ಣನವರ ಸ್ಕೂಟರಲ್ಲಿ ಬರೋದು. ಸೀಲು ಹತ್ತು ಸಲ ನೋಡ್ತಿದ್ದೆ ಕಣ್ರೀ. ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ,” ಎಂದು ಮೆಲ್ಲಗೆ ಹೇಳಿದರು. ನಾನು ಉಸಿರು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಸಾಲಾಗಿ ಒಳಗೆ ನಡೆದರು.

ಸಂಜೆ ಮನೆ ಸೇರಿ ಕಾಲು ತೊಳೆಯುತ್ತಿದ್ದಾಗ ಮೇಲಿನ ಕಚೇರಿಯಿಂದ ಫೋನು ಬಂತು. “ರಾಜಣ್ಣನೋರು ಬೇಜಾರು ಮಾಡ್ಕೊಂಡವ್ರೆ. ಇನ್ಮೇಲೆ ಸ್ವಲ್ಪ ಹೊಂದ್ಕೊಂಡು ಹೋಗಿ ಮೇಡಂ.”

“ತಿರುವಲ್ಲೇ ಕೊಡಿ ಅಂತ ಬರೆದು ಸಹಿ ಹಾಕಿ ಕಳ್ಸಿ ಸಾರ್, ಕೊಡ್ತೀನಿ.”

ಆ ಕಡೆ ಫೋನು ಕಟ್ಟಾಯಿತು.

ಮುಂದಿನ ಪರೀಕ್ಷೆಯ ದಿನದವರೆಗೆ ಕಾದೆ. ಅಂಥ ಆದೇಶ ಬರಲಿಲ್ಲ. ಆ ಬೆಳಿಗ್ಗೆ ಉಪ್ಪಿಟ್ಟು ಪೂರ್ತಿ ತಿಂದು, ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು, ಮಗಳ ಓಟದ ಶೂ ಕಟ್ಟಿಕೊಂಡು ಖಜಾನೆಗೆ ಹೊರಟೆ.