ಮೇಡ್ಲೇರಿಯಿಂದ ಬಂದ ಪ್ಯಾಕೆಟ್

ಅಥವಾ ಆಗ ಮಳೆ ನಿಂತೇ ಹೋಗಿತ್ತೋ ಏನೋ. ಬ್ಯಾಡಗಿಯ ಆ ಗೋದಾಮಿನ ತಗಡಿನ ಮೇಲೆ ಹನಿ ಬೀಳುವ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ಅದೇ ಹೊತ್ತಿಗೆ ನಾನು ಆಂಟೆನಾ ತಿರುಗಿಸಲು ಹೊರಗೆ ಹೋಗಿ, ಒಣ ಅಂಗಿಯಲ್ಲೇ ಒಳಗೆ ಬಂದದ್ದೂ ನೆನಪಿದೆ. ಎರಡೂ ಖರೆ ಆಗಿರಲಾರವು.

ಒಪ್ಪಬಹುದಾದದ್ದು ಇಷ್ಟು. ತುಂಗಭದ್ರೆ ತುಂಬಿತ್ತು. ಮೇಡ್ಲೇರಿ ಕಡೆಯ ಮೊಬೈಲ್ ಟವರ್ ಸತ್ತಿತ್ತು. ರಾಣೆಬೆನ್ನೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಅಲ್ಲಿಗೆ ಹೋಗಿದ್ದ. ಅಲ್ಲಿದ್ದ ಅವನ ಅಕ್ಕನ ಮಗಳು ದಿನ ತುಂಬಿದ ಬಸುರಿ. ಅವನಿಗೂ ನನಗೂ ಹವ್ಯಾಸಿ ರೇಡಿಯೋ ಲೈಸೆನ್ಸ್ ಇದೆ. ಕೈಯಲ್ಲಿ ಹಿಡಿಯುವ ಸೆಟ್ಟು, ಲ್ಯಾಪ್‌ಟಾಪು ಒಯ್ದಿದ್ದ. ನಾನು ಹಾವೇರಿಯಿಂದ ಬಂದು, ನಮ್ಮ ಆಂಟೆನಾ ಇರುವ ಆ ಮೆಣಸಿನಕಾಯಿ ಗೋದಾಮಿನ ಮೇಲಿನ ಕೋಣೆಯಲ್ಲಿ ನನ್ನ ಸೆಟ್ಟು, ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದೆ.

ಬೆಳಿಗ್ಗೆ ಅವನ ದನಿ ಒಮ್ಮೆ ಸಿಕ್ಕಿತ್ತು. ‘ಹುಡುಗಿಗೆ ನೋವು ಶುರು ಆಗ್ಯಾವ. ಗಾಡಿ ತಯಾರ ಇಡು. ಯಾ ದಾರಿ ಐತಿ ನೋಡಿ ಹೇಳ್ತೇನಿ.’ ಆಮೇಲೆ ಬರೀ ಸುಂಯ್ ಎನ್ನುವ ಗಾಳಿ.

ರಾಣೆಬೆನ್ನೂರಿನಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಹೋಗಲು ಎರಡು ದಾರಿ: ಹಳ್ಳ ದಾಟುವ ಹತ್ತಿರದ್ದು, ಸುತ್ತು ಹಾಕುವ ಮೇಲಿನದು. ಯಾವುದು ಮುಳುಗಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದನಿ ಹಾಯದ ಕಡೆ ಅಕ್ಷರ ಹಾಯುತ್ತದೆ ಎಂದು ಅವನನ್ನು ಒಪ್ಪಿಸಿದವನು ನಾನೇ. ಟೈಪಿಸಿದ ಸಾಲನ್ನು ಲ್ಯಾಪ್‌ಟಾಪು ಚರ್ರ್ ಎನ್ನುವ ಒಂದು ಸದ್ದಾಗಿಸುತ್ತದೆ, ಸೆಟ್ಟು ಅದನ್ನು ಕಳಿಸುತ್ತದೆ; ಅಂಥ ಒಂದು ಕಂತೇ ಪ್ಯಾಕೆಟ್. ನಾವು ಬಹಳ ಕಾಲ ಬಳಸಿದ ಹಳೆಯ ಪ್ಯಾಕೆಟ್ ಪದ್ಧತಿಯಲ್ಲಿ ಒಂದಕ್ಷರ ಕೆಟ್ಟರೂ ಇಡೀ ಪ್ಯಾಕೆಟ್ ಕಸದ ಬುಟ್ಟಿಗೆ. ಹೊಸದರಲ್ಲಿ ಯಾರಿಂದ ಯಾರಿಗೆ ಎನ್ನುವ ವಿಳಾಸದ ಭಾಗ ಚಿಕ್ಕದಾಗಿದೆ, ಉಳಿದ ಜಾಗದಲ್ಲಿ ತಿದ್ದುಪಡಿಗೆ ಬೇಕಾದ ಗುರುತುಗಳು ಜೊತೆಗೇ ಬರುತ್ತವೆ. ಅಲ್ಲೊಂದು ಇಲ್ಲೊಂದು ಅಕ್ಷರ ಕೆಟ್ಟರೆ ಕೇಳುವ ಕಡೆಯೇ ಸರಿಮಾಡಿಕೊಳ್ಳುತ್ತದೆ. ಎಷ್ಟು ತಿದ್ದಿದೆ ಎಂದು ಲೆಕ್ಕ ತೋರಿಸುತ್ತದೆ. ಯಾವುದನ್ನು ಎಂದು ತೋರಿಸುವುದಿಲ್ಲ. ಪರದೆಯ ಮೇಲೆ ಬರುವಾಗ ಎಲ್ಲ ಮೊದಲಿನಿಂದಲೂ ನೆಟ್ಟಗೇ ಇದ್ದಂತೆ ಕಾಣುತ್ತದೆ. ನನಗೆ ಇದರ ಬಗ್ಗೆ ಒಳಗೊಳಗೇ ಒಂದು ಗುಮಾನಿ ಇತ್ತು, ಈಗಲೂ ಇದೆ.

ಸೆಟ್ಟಿನಲ್ಲಿ ಚರ್ರ್ ಎಂದಿತು. ಅವನದೇ ಪ್ಯಾಕೆಟ್. ಪರದೆ ಖಾಲಿ. ಮತ್ತೆ ಚರ್ರ್, ಈ ಸಲ ಇನ್ನೂ ಜೋರು, ಒಡೆದ ತಗಡನ್ನು ಎಳೆದ ಹಾಗೆ. ಮತ್ತೆ ಖಾಲಿ.

ಗೋದಾಮಿನ ಸಾಹುಕಾರರು ಬಾಗಿಲಲ್ಲಿ ನಿಂತು ಸೀನಿದರು. ‘ನಿಮ್ಮ ಮಷೀನಿಗೂ ಖಾರ ಹತ್ತೇತೇನ್ರಿ?’

‘ಸುಮ್ಮನಿರ್ರಿ ಸಾಹುಕಾರ್ರ.’

‘ನಾ ಸುಮ್ಮನ ಅದೇನಿ. ಕೆಮ್ಮಾಕತ್ತಿದ್ದು ಅದು.’

ಅವರು ಹೇಳಿದ್ದು ಸರಿಯಿತ್ತು. ಗೆಳೆಯ ಸದ್ದು ಏರಿಸುತ್ತಿದ್ದ. ಅವನ ಅಂಗಡಿಯಲ್ಲಿ ದಿನವಿಡೀ ಮೋಟರುಗಳು ಗುಂಯ್‌ಗುಡುತ್ತವೆ. ಕೇಳಿಸದಿದ್ದರೆ ಇನ್ನೂ ಜೋರಾಗಿ ಒದರುವುದು ಅವನಿಗೆ ರೂಢಿ. ನಮ್ಮ ಕಡೆ ಫೋನಿನಲ್ಲೂ ಎಲ್ಲರೂ ಹಾಗೇ. ಆದರೆ ಪ್ಯಾಕೆಟ್ ಒದರಿದಷ್ಟೂ ಸೀಳುತ್ತದೆ. ಸೀಳಿದ್ದು ಹೆಚ್ಚಾದರೆ ಯಾವ ತಿದ್ದುಪಡಿಯೂ ಅದನ್ನು ಹೊಲಿಯಲಾರದು. ಏರಿಸಿದಷ್ಟೂ ಅವನು ನಮ್ಮಿಂದ ದೂರ ಹೋಗುತ್ತಿದ್ದ.

‘ಧ್ವನಿ ಇಳಸು’ ಎಂದು ಟೈಪಿಸಿ ಕಳಿಸಿದೆ. ಉತ್ತರವಿಲ್ಲ. ಮತ್ತೆ ಕಳಿಸಿದೆ.

ಫೋನು ಬಂತು, ಆಂಬುಲೆನ್ಸ್ ಚಾಲಕ. ‘ಸರ, ಗಾಡಿ ಚಾಲೂ ಇಟ್ಟು ಕುಂತೇನಿ. ದಾರಿ ಯಾವುದ್ರಿ?’

‘ಇನ್ನೂ ಬಂದಿಲ್ಲ.’

‘ಬಸರಿ ಹೆಂಗಸು ನಿಮ್ಮ ರೇಡಿಯೋ ಕೇಳ್ಕೋತ ಕುಂದ್ರಂಗಿಲ್ರಿ. ಇನ್ನೊಂದೀಟು ನೋಡ್ತೇನಿ, ಆಮ್ಯಾಲೆ ಹಳ್ಳದ ದಾರಿ ಹಿಡಿಯೂದ. ಅದ ಹತ್ರ.’

ಬೇಡ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ, ಹೂಂ ಎನ್ನಲು ಧೈರ್ಯ. ಫೋನು ಕಿವಿಯಲ್ಲೇ ಇತ್ತು. ಸಾಹುಕಾರರು ಒಳಗೆ ಬಂದು ನನ್ನ ಪಕ್ಕ ನಿಂತರು. ಸೆಟ್ಟಿನಲ್ಲಿ ಚರ್ರ್ ಎಂದಿತು. ಈ ಸಲ ಸಣ್ಣಗೆ, ಮೆತ್ತಗೆ, ಕೇಳಿಸಿತೋ ಇಲ್ಲವೋ ಅನ್ನುವಷ್ಟು.

ಪರದೆಯ ಮೇಲೆ ಒಂದು ಸಾಲು: ‘ಹಳ್ಳ ಮುಳುಗೈತಿ. ಮ್ಯಾಲಿನ ದಾರೀಲೆ ಬರ್ರಿ. ಲಗೂ.’

ಓದಿ ಹೇಳಿದೆ. ಆ ಕಡೆ ಗೇರ್ ಬಿದ್ದ ಸದ್ದು ಕೇಳಿತು, ಫೋನು ಕಟ್ಟಾಯಿತು. ಆಮೇಲೆ ಪರದೆಯ ಮೂಲೆಯಲ್ಲಿದ್ದ ತಿದ್ದುಪಡಿಯ ಲೆಕ್ಕ ನೋಡಿದೆ. ಎಷ್ಟೋ ಅಕ್ಷರ ತಿದ್ದಿ ನಿಲ್ಲಿಸಿದ ಸಾಲು ಅದು. ಅದನ್ನು ನಂಬಿ ಒಂದು ಗಾಡಿಯನ್ನು ಸುತ್ತು ದಾರಿಗೆ ಕಳಿಸಿದ್ದೆ. ಸಂಜೆ ಹಾವೇರಿಯ ಆಸ್ಪತ್ರೆಯಿಂದ ಗೆಳೆಯನ ಫೋನು ಬರುವವರೆಗೂ ಸಾಹುಕಾರರು ಕೊಟ್ಟ ಚಹಾ ಮುಟ್ಟಲಿಲ್ಲ. ಹೆಣ್ಣು ಕೂಸು. ಇಬ್ಬರೂ ಚಲೋ ಇದ್ದರು.

ನಾನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಂದೊಂದು ದಿನ ಅವನ ಅಂಗಡಿಯಲ್ಲಿ, ‘ನಾ ಹೇಳಿದ್ದಕ್ಕ ಇಳಸಿದಿ, ಬಚಾವ್’ ಎಂದೆ. ಅವನು ವೈಂಡಿಂಗ್ ತಂತಿಯಿಂದ ಕಣ್ಣೆತ್ತಲಿಲ್ಲ.

‘ನೀ ಯಾವಾಗ ಹೇಳಿದಿ?’

ಅವನು ಸೆಟ್ಟಿಗೆ ಹಚ್ಚುವ ಕೇಬಲ್ಲು ಅಂಗಡಿಯಲ್ಲೇ ಮರೆತು ಹೋಗಿದ್ದನಂತೆ. ಲ್ಯಾಪ್‌ಟಾಪಿನ ಸ್ಪೀಕರಿಗೆ ಸೆಟ್ಟನ್ನು ಹಿಡಿದೇ ಕಳಿಸಿದ್ದನಂತೆ. ಆ ಚರ್ರ್ ಇಡೀ ಮನೆಗೆ ಕೇಳುತ್ತಿತ್ತು. ನೋವಿನಲ್ಲಿದ್ದ ಹುಡುಗಿ ಕಡೆಗೆ ತಡೆಯಲಾರದೆ ತಮ್ಮ ಮನೆಮಾತು ಉರ್ದುವಿನಲ್ಲೇ ಬೈದಳಂತೆ: ‘ಮಾಮು, ಆವಾಜ್ ಕಮ್ ಕರೋ’, ಸದ್ದು ಕಡಿಮೆ ಮಾಡು ಎಂದು. ಅದಕ್ಕೇ ತಗ್ಗಿಸಿದ್ದು. ನನ್ನ ಪ್ಯಾಕೆಟ್ ಒಂದೂ ಬಂದಿರಲಿಲ್ಲ ಎಂದ.

ಆದರೆ ಆ ಸಾಲಿಗೆ ಮುಂಚೆ ‘ಆತು’ ಎಂಬ ಒಂದೇ ಮಾತಿನ ಪ್ಯಾಕೆಟ್ ಪರದೆಯ ಮೇಲೆ ಬಂದದ್ದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದೇ ಅನಿಸುತ್ತದೆ. ಸಾಹುಕಾರರನ್ನು ಕೇಳಿದೆ, ಅವರು ನನ್ನ ಮುಖ ನೋಡುತ್ತಿದ್ದರಂತೆ, ಪರದೆಯನ್ನಲ್ಲ. ಬಂದ ಪ್ಯಾಕೆಟ್‌ಗಳ ಆ ದಿನದ ದಾಖಲೆಯನ್ನು ನಾನು ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಂಡಿಲ್ಲ. ಅವನು ನನ್ನ ಮಾತು ಕೇಳಿ ತಗ್ಗಿಸಿದನೋ, ಅವಳ ಮಾತು ಕೇಳಿಯೋ, ನನಗೆ ಗೊತ್ತಿಲ್ಲ.