ಅಕ್ಕ ಮಾಡಿದ ಸಬ್‌ವೂಫರ್

ಹಾಡು ಬೇಕೆಂದರೆ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬರುತ್ತಿದ್ದ ಕಾಲವದು. ಮೂಡಲಗಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಸೌಂಡಿಗೆ ಎದೆ ನಡುಗುತ್ತದೋ ಅವರೇ ದೊಡ್ಡವರು. ನಮ್ಮ ಟಿವಿಯದು ಸೊಳ್ಳೆಯ ದನಿ.

ನಾನು ಏಳನೆಯ ತರಗತಿ ಮುಗಿಸಿದ್ದ ಆ ಬೇಸಿಗೆ, ಐಟಿಐ ಓದಿ ಮನೆಯಲ್ಲಿದ್ದ ಶೈಲಕ್ಕ, "ಸಬ್‌ವೂಫರ್ ನಾವ ಮಾಡೂಣು ಬಾ" ಅಂದಳು. ಘಟಪ್ರಭಾದ ಗುಜರಿ ಅಂಗಡಿಯಿಂದ ಕಾರಿನ ಹಳೆಯ ಸ್ಪೀಕರ್ ತಂದಳು. ಮುರಿದ ಮಂಚದ ಪ್ಲೈವುಡ್ಡನ್ನು ಅವ್ವ ಬಿಟ್ಟುಕೊಟ್ಟಳು. ಪೆಟ್ಟಿಗೆಯಿಂದ ಗಾಳಿ ಆಡಲು ಬೇಕಾದ ಪೈಪಿನ ತುಂಡನ್ನು ಗರಗಸ ಹಿಡಿದು ನಾನೇ ಕೊಯ್ದೆ. ಪಡಸಾಲೆಯ ತುಂಬ ಬೆಸುಗೆಯ ಹೊಗೆ, ಅಂಟಿನ ವಾಸನೆ. ಅದರ ನಡುವೆಯೇ ರೊಟ್ಟಿ, ಶೇಂಗಾಚಟ್ನಿ ತಿನ್ನುತ್ತಿದ್ದೆವು.

"ಬೀಗರು ನೋಡಾಕ ಬರೂ ಹೊತ್ತಿನ್ಯಾಗ ಹುಡುಗಿ ಕೈಯಾಗ ಇದೇನ?" ಅಪ್ಪನ ತಮ್ಮ, ನಮ್ಮ ಕಾಕಾ ಸಿಡುಕಿದ.

"ಬರ್ಲಿ ಬಿಡ ಕಾಕಾ. ಹಾಡ ಕೇಳಿ ಹೋಗ್ಲಿ."

ಮೊದಲ ಸಲ ಹಚ್ಚಿದಾಗ ಅದು ಒಡೆದ ತಗಡಿನಂತೆ ಭರಭರ ಅಂದಿತು. ಕಾಕಾ ಹೊಟ್ಟೆ ಹಿಡಿದು ನಕ್ಕ. ಅಕ್ಕ ನನ್ನ ಕೈಗೆ ಉರಿಯುವ ಊದಿನಕಡ್ಡಿ ಕೊಟ್ಟು ಪೆಟ್ಟಿಗೆಯ ಸುತ್ತ ಆಡಿಸಲು ಹೇಳಿದಳು. ಹಿಂದಿನ ಮೂಲೆಯಲ್ಲಿ ಹೊಗೆ ತಟ್ಟನೆ ಹಾರಿತು. ಗಾಳಿ ಸೋರುತ್ತಿದ್ದದ್ದು ಅಲ್ಲೇ! ಕಟ್ಟಿಗೆಪುಡಿಗೆ ಅಂಟು ಕಲಸಿ ಮೆತ್ತಿದೆವು. ಮರುದಿನ ಹಚ್ಚಿದರೆ ಗೋಡೆಯ ಮಾಡದಲ್ಲಿದ್ದ ಸ್ಟೀಲ್ ಲೋಟಗಳೆಲ್ಲ ನಡುಗಿದವು. ನಾನು ಓಣಿಗೆಲ್ಲ ಕೇಳುವಂತೆ ಕಿರುಚಿದೆ.

ಎರಡು ದಿನ ಬಿಟ್ಟು ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನಿಂದ ಅಕ್ಕನನ್ನು ನೋಡಲು ಬಂದರು. ಶಿರಾ ತಿನ್ನುತ್ತ ಹುಡುಗನ ಅಪ್ಪ ಪೆಟ್ಟಿಗೆಯತ್ತ ನೋಡಿದರು.

"ಭಾರಿ ಐತಲ್ರಿ. ಯಾರ ಮಾಡ್ಯಾರ?"

"ಬಾಜೂ ಮನಿ ಹುಡುಗ್ರಿ," ಕಾಕಾ ಹೇಳಿಬಿಟ್ಟ.

ನನಗೆ ತಡೆಯಲಾಗಲಿಲ್ಲ. "ಸುಳ್ಳ ಐತ್ರಿ! ನಮ್ಮಕ್ಕ ಮಾಡ್ಯಾಳ. ಪೈಪ ನಾ ಕೊಯ್ದೇನಿ!"

ಅಕ್ಕ ತಲೆಯೆತ್ತಿದಳು. "ಖರೆ ಐತ್ರಿ. ಕೇಳ್ತೀರೇನ್ರಿ?" ಎಂದು ಎದ್ದುಹೋಗಿ ಹಾಡು ಹಚ್ಚಿಯೇಬಿಟ್ಟಳು.

'ಹೇಳಿ ಕಳಿಸ್ತೇವಿ' ಎಂದು ಹೋದವರು ಹೇಳಿ ಕಳಿಸಲಿಲ್ಲ. ನನ್ನ ಬಾಯಿಂದಲೇ ಸಂಬಂಧ ಹೋಯಿತೆಂದು ಕಾಕಾ ಬೈದ. ಅಳುತ್ತ ಕೂತಿದ್ದ ನನ್ನನ್ನು ಅಕ್ಕ ಪಕ್ಕಕ್ಕೆಳೆದುಕೊಂಡಳು. "ಯಾಕ ಅಳ್ತಿ? ನಾ ಮಾಡಿದ್ದನ್ನ ಬಾಜೂ ಮನಿಯವನ ಹೆಸರಿಗೆ ಕೊಟ್ಟ ಸಂಸಾರ ಮಾಡ್ಬೇಕೇನ?"

ಈಗ ಅಕ್ಕನಿಗೆ ಗೋಕಾಕದಲ್ಲಿ ಸ್ವಂತ ರಿಪೇರಿ ಅಂಗಡಿಯಿದೆ. ಮದುವೆಯೂ ಆಯಿತು, ಅವಳ ಕೆಲಸ ನೋಡಿಯೇ ಬಂದವನ ಜೊತೆ.

ಆ ಬೇಸಿಗೆ ಕಳೆದು ಹತ್ತು ವರ್ಷದ ಮೇಲೆ ನನ್ನನ್ನು ನೋಡಲು ಬಂದವರು, "ಹುಡುಗಿಗೆ ಏನೇನ ಬರತೈತ್ರಿ?" ಎಂದು ಕೇಳಿದರು. "ಅಡಿಗಿ, ಕಸೂತಿ" ಎಂದು ಕಾಕಾ ಉತ್ತರಿಸಿದ. ಅಕ್ಕನಿಂದ ಗರಗಸ, ಬೆಸುಗೆ ಎರಡನ್ನೂ ಕಲಿತಿದ್ದ ನಾನು ನೆಲ ನೋಡುತ್ತ ಕುಳಿತೆ. ಇಂದು ಗಂಡನ ಮನೆಯಲ್ಲಿ ಅಂಗಡಿಯಿಂದ ತಂದ ಸೌಂಡ್ ಸೆಟ್ ಇದೆ. ಕೆಟ್ಟರೆ ಯಾರನ್ನೋ ಕರೆಯುತ್ತೇನೆ.

ಹಿರಿಯರ ಮುಂದೆ ಸುಳ್ಳನ್ನು ಸುಳ್ಳೆಂದ ಆ ಹನ್ನೆರಡರ ಹುಡುಗಿ ಎಲ್ಲಿ ತಪ್ಪಿಸಿಕೊಂಡಳೋ ಗೊತ್ತಿಲ್ಲ. ಅಂದು ನೀನು ಬಾಯಿ ಬಿಡಬಾರದಿತ್ತು ಎಂದು ನೆಂಟರು ಈಗಲೂ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎರಡನೆಯ ಸಲ ಬಾಯಿ ಮುಚ್ಚಿಕೊಂಡು ಕೂತದ್ದೇ ನನ್ನ ತಪ್ಪು.